ಕಾವಿಗೆ ಕೂತ ಕೋಳಿ, ಒಂದು ಟಾರ್ಚು, 21 ದಿನ: ಮೊಟ್ಟೆಯೊಳಗಿನ ನರಕೋಶಗಳ ಲೆಕ್ಕ ಹಿಡಿಯುವುದು ಹೇಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕೊಟ್ಟಿಗೆ ಮೂಲೆಯಲ್ಲಿ ಒಂದು ಹಳೇ ಬುಟ್ಟಿ ಇದೆ. ತಳಕ್ಕೆ ಉಮಿ, ಅದರ ಮೇಲೆ ಒಣಹುಲ್ಲು. ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಪ್ರತಿ ವರ್ಷ ಅಲ್ಲಿ ಒಂದು ಹೇಂಟೆಯನ್ನು ಕಾವಿಗೆ ಕೂರಿಸುತ್ತೇವೆ. ಮಳೆಗಾಲದ ಥಂಡಿಯಲ್ಲಿ ಮರಿ ಉಳಿಸಿಕೊಳ್ಳುವುದು ಕಷ್ಟ, ಅದಕ್ಕೇ ಈ ಕಾಲ. ನಾಲ್ಕೈದು ವರ್ಷದಿಂದ ಅಕ್ಕಪಕ್ಕದ ಮನೆ ಮಕ್ಕಳನ್ನು ಸೇರಿಸಿಕೊಂಡು ಆ 21 ದಿನಗಳ ಲೆಕ್ಕ ಬರೆದಿಡುತ್ತಿದ್ದೇನೆ. ಮರಿ ಯಾವಾಗ ಹೊರಗೆ ಬಂತು ಅಂತ ಬರೆಯುವುದಕ್ಕಲ್ಲ. ಮೊಟ್ಟೆಯೊಳಗೆ ಯಾವ ದಿನ ಏನು ಸಾಯುತ್ತದೆ ಅನ್ನುವುದಕ್ಕೆ.

ಕೋಳಿಮರಿಯ ಕಾಲನ್ನು ಆಡಿಸುವ ನರಕೋಶಗಳು ಇರುವುದು ಬೆನ್ನುಹುರಿಯ ಕೆಳಭಾಗದಲ್ಲಿ. ಅಲ್ಲಿಂದ ಒಂದೊಂದು ಕೋಶವೂ ಕಾಲಿನ ಸ್ನಾಯುವಿನ ತನಕ ಉದ್ದನೆಯ ಎಳೆಯೊಂದನ್ನು ಚಾಚುತ್ತದೆ. ಮರಿ ಇಂಥ ಕೋಶಗಳನ್ನು ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಮಾಡಿಕೊಳ್ಳುತ್ತದೆ. ಆಮೇಲೆ ಕಾವಿನ ಆರನೇ ದಿನದಿಂದ ಹತ್ತನೇ ದಿನದೊಳಗೆ ನೂರಕ್ಕೆ 40ರಷ್ಟು ಸತ್ತುಹೋಗುತ್ತವೆ. ಇದು ರೋಗ ಅಲ್ಲ, ಕಾವು ಕಮ್ಮಿಯಾಗಿ ಆದದ್ದೂ ಅಲ್ಲ. ಆರೋಗ್ಯವಾಗಿರುವ ಪ್ರತಿ ಮರಿಯಲ್ಲೂ ಹೀಗೇ ಆಗುತ್ತದೆ. ನಿಮ್ಮ ನನ್ನ ದೇಹದಲ್ಲೂ, ನಾವು ಹೊಟ್ಟೆಯೊಳಗಿದ್ದಾಗ, ಮಿದುಳು ಬೆನ್ನುಹುರಿಗಳ ಬೇರೆ ಬೇರೆ ಭಾಗಗಳಲ್ಲಿ ಇಂಥದ್ದೇ ನಡೆದಿದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಟಾರ್ಚ್ ಹಿಡಿದರೆ ನರಕೋಶ ಸಾಯುವುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಬಣ್ಣ ಹಾಕಿದ ತೆಳು ಪದರ ಬೇಕು, ಸೂಕ್ಷ್ಮದರ್ಶಕ ಬೇಕು. ನಮಗೆ ಕಾಣುವುದು ರಕ್ತನಾಳ, ಕಣ್ಣಿನ ಕಪ್ಪು ಚುಕ್ಕಿ, ಅಲುಗಾಟ. ಆದರೆ ಆ ಅಲುಗಾಟಕ್ಕೂ ಒಳಗಿನ ಸಾವಿಗೂ ನೇರ ಸಂಬಂಧ ಇದೆ. ಅದನ್ನು ತಿಳಿದುಕೊಂಡು ನೋಡಿದರೆ ಏಳನೇ ದಿನದ ಮೊಟ್ಟೆ ಬೇರೆಯದೇ ವಸ್ತುವಾಗಿ ಕಾಣುತ್ತದೆ.

ತಯಾರಿ

ಹುಂಜದ ಜೊತೆ ಓಡಾಡಿಕೊಂಡಿರುವ ನಾಟಿಕೋಳಿಯ ಮೊಟ್ಟೆಯೇ ಬೇಕು. ಅಂಗಡಿಯ ಫಾರಂ ಮೊಟ್ಟೆಯಲ್ಲಿ ಮರಿಯಾಗುವುದಿಲ್ಲ. ವಾರದೊಳಗೆ ಇಟ್ಟ, ಬಿರುಕಿಲ್ಲದ 8ರಿಂದ 10 ಮೊಟ್ಟೆ ಸಾಕು. ತೊಳೆಯಬೇಡಿ. ಪೆನ್ಸಿಲಿನಲ್ಲಿ ಒಂದೊಂದಕ್ಕೂ ನಂಬರು ಹಾಕಿ. ಪೆನ್ನು, ಮಾರ್ಕರ್ ಬೇಡ, ಸಿಪ್ಪೆಯ ಸಣ್ಣ ತೂತುಗಳಲ್ಲಿ ಮಸಿ ಒಳಗಿಳಿಯುತ್ತದೆ. ಸಂಜೆ ಕತ್ತಲಾದ ಮೇಲೆ ಕೋಳಿಯ ಕೆಳಗೆ ಇಡಿ. ಆಗ ಅದು ಗಲಾಟೆ ಮಾಡದೆ ಕೂರುತ್ತದೆ. ನಮ್ಮ ಅಜ್ಜಿ ಬುಟ್ಟಿಯಲ್ಲಿ ಒಂದು ತುಂಡು ಕಬ್ಬಿಣ, ಒಂದು ಚೂರು ಇದ್ದಿಲು ಇಡುತ್ತಿದ್ದರು, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ನಾನೂ ಇಡುತ್ತೇನೆ. ಅಜ್ಜಿ ನೆನಪಿಗೆ.

ಟಾರ್ಚಿಗೆ ರಟ್ಟು ಕಟ್ಟಬೇಕು. ಗಟ್ಟಿ ರಟ್ಟಿನಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕ ತೂತು ಕೊಯ್ದು ಟಾರ್ಚಿನ ಬಾಯಿಗೆ ಅಂಟಿಸಿ. ಬೆಳಕು ಆ ತೂತಿನಿಂದ ಮಾತ್ರ ಬರಬೇಕು. ಮೊಬೈಲಿನ ಟಾರ್ಚೂ ಆಗುತ್ತದೆ. ಬಲ್ಬಿನ ಹಳೇ ಟಾರ್ಚಾದರೆ ಮೊಟ್ಟೆಗೆ ಒತ್ತಿ ಹಿಡಿಯಬೇಡಿ, ಬಿಸಿ ತಾಗುತ್ತದೆ.

ಮಕ್ಕಳಿಗೆ ಮೊದಲು ಕಲಿಸಬೇಕಾದ್ದು, ಬುಟ್ಟಿಗೆ ಕೈ ಹಾಕುವ ಮುಂಚೆ ಬೆಳಕು ಬಿಟ್ಟು ನೋಡುವುದು. ಮೊಟ್ಟೆ ವಾಸನೆಗೆ ಕೇರೆಹಾವು ಬರುತ್ತದೆ, ನಾಗರವೂ ಬರಬಹುದು. ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಎರಡು ಸಲವೂ ಸೋಪು ಹಾಕಿ ಕೈ ತೊಳೆಯಬೇಕು.

ಮೊದಲ ಮೂರು ದಿನ

ಏನೂ ಮಾಡಬೇಡಿ. ಮೊಟ್ಟೆ ಮುಟ್ಟಲೇಬೇಡಿ. ಈ ದಿನಗಳಲ್ಲೇ ಭ್ರೂಣದ ಬೆನ್ನ ಮೇಲಿನ ಚಪ್ಪಟೆ ಪಟ್ಟಿ ಮಡಚಿ ಕೊಳವೆಯಾಗುತ್ತದೆ. ಮುಂದೆ ಮಿದುಳು, ಬೆನ್ನುಹುರಿ ಆಗುವುದು ಅದೇ. ಎರಡನೇ ದಿನ ಹೃದಯ ಬಡಿಯಲು ಶುರು. ಮೂರನೇ ದಿನದ ಹೊತ್ತಿಗೆ ರೆಕ್ಕೆ, ಕಾಲು ಬರುವ ಜಾಗದಲ್ಲಿ ಸಣ್ಣ ಮೊಗ್ಗುಗಳು ಏಳುತ್ತವೆ. ಆ ಕಾಲಿನ ಮೊಗ್ಗೇ ನಮ್ಮ ಕಥೆಯ ಮುಖ್ಯ ಪಾತ್ರ.

ನಾಲ್ಕನೇ ದಿನ: ಮೊದಲ ನೋಟ

ಕೋಳಿ ದಿನಕ್ಕೊಂದು ಸಲ ಮೇಯಲು, ನೀರು ಕುಡಿಯಲು ಏಳುತ್ತದೆ. ಹದಿನೈದಿಪ್ಪತ್ತು ನಿಮಿಷ ಸಿಗುತ್ತದೆ. ಆಗ ಎರಡು ಮೂರು ಮೊಟ್ಟೆ ಮಾತ್ರ ಒಳಕೋಣೆಗೆ ತನ್ನಿ, ಕಿಟಕಿ ಬಾಗಿಲು ಮುಚ್ಚಿ. ಕರೆಂಟ್ ಹೋದ ರಾತ್ರಿ ಇನ್ನೂ ಒಳ್ಳೆಯದು. ರಾತ್ರಿಯಾದರೆ ಕೋಳಿಯ ಹಿಂಬದಿಯಿಂದ ಮೆಲ್ಲಗೆ ಕೈ ಹಾಕಿ, ಇಲ್ಲದಿದ್ದರೆ ಕುಕ್ಕುತ್ತದೆ. ದಪ್ಪ ತುದಿಗೆ ಟಾರ್ಚ್ ಹಿಡಿಯಿರಿ. ಇಡೀ ಮೊಟ್ಟೆ ಹಣ್ಣಾದ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ಮಧ್ಯೆ ಒಂದು ಕೆಂಪು ಜೇಡ ಕೂತ ಹಾಗೆ ರಕ್ತನಾಳಗಳು ಸುತ್ತ ಹರಡಿಕೊಂಡಿರುತ್ತವೆ. ಅದು ಕಂಡರೆ ಜೀವ ಇದೆ. ಒಂದೇ ಸಮನೆ ಹಳದಿ ಇದ್ದರೆ ಮರಿ ಕಟ್ಟಿಲ್ಲ, ಅಥವಾ ಇನ್ನೂ ಕಾಣುತ್ತಿಲ್ಲ. ಏಳನೇ ದಿನ ಇನ್ನೊಮ್ಮೆ ನೋಡಿ ತೀರ್ಮಾನ ಮಾಡಿ.

ಒಂದು ಮೊಟ್ಟೆಗೆ ಅರ್ಧ ನಿಮಿಷ ಸಾಕು. ಮೊದಲ ವರ್ಷ ನಾನು ಎಲ್ಲ ಮಕ್ಕಳಿಗೂ ಸರದಿ ಕೊಡುತ್ತಾ ಚಳಿಯ ರಾತ್ರಿಯಲ್ಲಿ ಮುಕ್ಕಾಲು ಗಂಟೆ ಮೊಟ್ಟೆಗಳನ್ನು ಹೊರಗಿಟ್ಟಿದ್ದೆ. ಎರಡು ಮರಿ ಹೋದವು. ಆ ಬೇಜಾರು ಇವತ್ತಿಗೂ ಇದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈ ದಿನದ ಆಸುಪಾಸಿನಲ್ಲೇ ಬೆನ್ನುಹುರಿಯಿಂದ ಹೊರಟ ನರದ ಎಳೆಗಳು ಕಾಲಿನ ಮೊಗ್ಗಿನ ಬುಡಕ್ಕೆ ಬಂದು ಸೇರುತ್ತಿರುತ್ತವೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: «ಎಳೆ ಹೊರಟಿದೆ.»

ಏಳನೇ ದಿನ: ಇದನ್ನು ತಪ್ಪಿಸಬೇಡಿ

ಈಗ ಕಣ್ಣಿನ ಕಪ್ಪು ಚುಕ್ಕಿ ಚೆನ್ನಾಗಿ ಕಾಣುತ್ತದೆ. ಮೊಟ್ಟೆಯನ್ನು ಅಲ್ಲಾಡಿಸದೆ ಸುಮ್ನೆ ಹಿಡಿದು ಕಾಯಿರಿ. ಹತ್ತು, ಹದಿನೈದು, ಇಪ್ಪತ್ತು ಅಂತ ಎಣಿಸಿ. ನೆರಳಿನಂಥ ಆ ಪುಟ್ಟ ಮೈ ತಟಕ್ಕನೆ ಒಮ್ಮೆ ಬಾಗುತ್ತದೆ. ಮತ್ತೆ ನಿಲ್ಲುತ್ತದೆ. ಮತ್ತೆ ಬಾಗುತ್ತದೆ. ಮೊದಲ ಸಲ ನೋಡಿದ ಹುಡುಗಿಯೊಬ್ಬಳು ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಆ ಬಾಗುವಿಕೆ ನಡೆಯುತ್ತಿರುವಾಗಲೇ ಒಳಗೆ ನರಕೋಶಗಳು ಸಾಯುತ್ತಿವೆ. ಎರಡೂ ಒಂದೇ ದಿನಗಳಲ್ಲಿ ನಡೆಯುವುದು ಕಾಕತಾಳೀಯ ಅಲ್ಲ. 1970ರ ದಶಕದ ಕೊನೆಯಲ್ಲಿ ವಿಜ್ಞಾನಿಗಳು ಕೋಳಿ ಭ್ರೂಣದ ಸ್ನಾಯುಗಳು ಅಲುಗದ ಹಾಗೆ ಕ್ಯುರಾರೆ ಎಂಬ ಮದ್ದು ಕೊಟ್ಟು ನೋಡಿದರು. ಸಾಯಬೇಕಿದ್ದ ನರಕೋಶಗಳಲ್ಲಿ ಬಹಳಷ್ಟು ಸಾಯದೆ ಉಳಿದವು. ಅಂದರೆ ನರ ಮತ್ತು ಸ್ನಾಯುವಿನ ನಡುವೆ ಮಾತುಕತೆ ಶುರುವಾದ ಮೇಲೇ ಯಾರು ಉಳಿಯಬೇಕು, ಯಾರು ಹೋಗಬೇಕು ಅನ್ನುವುದು ಇತ್ಯರ್ಥವಾಗುತ್ತದೆ.

ಬರೆದುಕೊಳ್ಳಬೇಕಾದ್ದು: ಒಂದು ನಿಮಿಷದಲ್ಲಿ ಎಷ್ಟು ಸಲ ಬಾಗಿತು, ಎಷ್ಟು ಹೊತ್ತು ಸುಮ್ಮನಿತ್ತು. ಹಗಲು ರಾತ್ರಿ ಎರಡೂ ನೋಡುವ ಆಸೆಯಾಗುತ್ತದೆ. ಬೇಡ, ದಿನಕ್ಕೊಂದೇ ಸಲ, ಒಂದೇ ಮೊಟ್ಟೆ. ಮುಂದಿನ ಸಲ ಬೇರೆ ನಂಬರು.

ಎಂಟನೇ ದಿನ: ಮೊಟ್ಟೆಗೆ ರಜೆ, ಚನ್ನೆಮಣೆ ತೆಗೆಯಿರಿ

ಕೋಳಿಯನ್ನು ಅದರ ಪಾಡಿಗೆ ಬಿಟ್ಟು ಈ ದಿನ ಜಗಲಿಯಲ್ಲಿ ಕೂರಿ. ಅಟ್ಟದ ಮೇಲಿನ ಚನ್ನೆಮಣೆ ಇಳಿಸಿ. ಬಯಲುಸೀಮೆಯವರು ಅಳಗುಳಿಮಣೆ ಅನ್ನುತ್ತಾರಲ್ಲ, ಅದೇ. ಎರಡು ಸಾಲು, ಒಟ್ಟು 14 ಗುಳಿ. ಜೊತೆಗೆ 28 ಹುಣಸೆಬೀಜ, 1ರಿಂದ 14ರ ತನಕ ಬರೆದ ಚೀಟಿಗಳು.

ಗುಳಿ ಅಂದರೆ ಸ್ನಾಯುವಿನಲ್ಲಿ ನರ ಬಂದು ಕೂರುವ ಜಾಗ. ಬೀಜ ಅಂದರೆ ನರಕೋಶ. ಒಂದು ಗುಳಿಯಲ್ಲಿ ಒಂದು ಬೀಜಕ್ಕಾಗುವಷ್ಟೇ ಊಟ ಇದೆ ಅಂದುಕೊಳ್ಳಿ.

ಮೊದಲ ಆಟದಲ್ಲಿ 14 ಬೀಜ ಮಾತ್ರ ಬಳಸಿ. ಒಂದು ಚೀಟಿ ಎತ್ತಿ, ಬಂದ ನಂಬರಿನ ಗುಳಿಗೆ ಒಂದು ಬೀಜ ಹಾಕಿ, ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ ಕಲಸಿ. ಹೀಗೆ 14 ಸಲ. ಗುಳಿ 14, ಬೀಜವೂ 14, ಲೆಕ್ಕ ಸರಿಹೋಗಬೇಕಲ್ವಾ? ಹೋಗುವುದಿಲ್ಲ. ಕೆಲವು ಗುಳಿಯಲ್ಲಿ ಎರಡು ಮೂರು ಬೀಜ ಬಿದ್ದಿರುತ್ತವೆ, ಸಾಮಾನ್ಯವಾಗಿ ಐದು ಗುಳಿ ಖಾಲಿ ಉಳಿಯುತ್ತವೆ. ಐದು ಕಡೆ ನರವೇ ಇಲ್ಲದ ಕಾಲು!

ಎರಡನೇ ಆಟದಲ್ಲಿ 28 ಬೀಜವನ್ನೂ ಹಾಕಿ. ಈಗ ಖಾಲಿ ಉಳಿಯುವುದು ಎರಡರ ಆಸುಪಾಸು. ಇನ್ನು ಊಟದ ನಿಯಮ: ಪ್ರತಿ ಗುಳಿಯಲ್ಲೂ ಒಂದು ಬೀಜ ಬಿಟ್ಟು ಉಳಿದದ್ದನ್ನು ತೆಗೆಯಿರಿ. ತೆಗೆದ ರಾಶಿ ಎಣಿಸಿ. ಹೆಚ್ಚುಕಮ್ಮಿ 16 ಬೀಜ ಹೊರಗೆ, 12 ಒಳಗೆ. ಅರ್ಧಕ್ಕಿಂತ ಜಾಸ್ತಿ ಹೋಯಿತು. ಆದರೆ ಕಾಲಿನ ತುಂಬ ನರ ಬಂತು.

ಮೂರನೇ ಆಟ ಮುಖ್ಯ. ಒಂದು ಸಾಲು ಗುಳಿಯನ್ನು ಬಟ್ಟೆಯಿಂದ ಮುಚ್ಚಿ, ಉಳಿದ 7 ಗುಳಿಗೇ 28 ಬೀಜ ಹಂಚಿ. ಚೀಟಿಯೂ 7 ಇರಲಿ. ಉಳಿಯುವುದು ಬರೀ 7. ಆಮೇಲೆ ಬಟ್ಟೆ ತೆಗೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಇನ್ನೂ 7 ಗುಳಿ ಬರೆದು 21 ಮಾಡಿ, ಅದೇ 28 ಬೀಜ ಹಂಚಿ. 15, 16 ಉಳಿಯುತ್ತವೆ. ಬೀಜ ಅಷ್ಟೇ ಇತ್ತು. ಬದಲಾದದ್ದು ಗುಳಿ ಮಾತ್ರ.

ಈ ಮೂರನೇ ಆಟವನ್ನು ನಿಜವಾದ ಮೊಟ್ಟೆಯಲ್ಲೇ ಆಡಿದವರಿದ್ದಾರೆ. ವಿಕ್ಟರ್ ಹ್ಯಾಂಬರ್ಗರ್ ಅಂತ, ಜರ್ಮನಿಯಲ್ಲಿ ಹುಟ್ಟಿ 1932ರಲ್ಲಿ ಅಮೆರಿಕಕ್ಕೆ ಹೋದವರು. ಕೋಳಿ ಭ್ರೂಣದ ರೆಕ್ಕೆಯ ಮೊಗ್ಗನ್ನು ತೆಗೆದುಬಿಟ್ಟರೆ ಆ ಬದಿಯ ನರಕೋಶಗಳು ಕಮ್ಮಿಯಾಗುತ್ತವೆ ಎಂದು 1934ರಲ್ಲಿ ಬರೆದರು. ಆದರೆ ಕೋಶಗಳು ಹುಟ್ಟಲೇ ಇಲ್ಲವೋ, ಹುಟ್ಟಿ ಸತ್ತವೋ? ಹುಟ್ಟಲಿಲ್ಲ ಅಂದುಕೊಂಡಿದ್ದರು ಅವರು.

ಹುಟ್ಟಿ ಸತ್ತವು ಎಂದು ಕಂಡುಕೊಂಡವರು ಇಟಲಿಯ ರೀಟಾ ಲೆವಿ ಮೊಂತಾಲ್ಚಿನಿ. ಯಹೂದಿ ಅನ್ನುವ ಕಾರಣಕ್ಕೆ 1938ರ ಕಾನೂನು ಅವರನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿತು. ಟ್ಯೂರಿನ್ ಊರಿನ ತಮ್ಮ ಮಲಗುವ ಕೋಣೆಯಲ್ಲೇ ಪ್ರಯೋಗ ಶುರು ಮಾಡಿದರು. ಹೊಲಿಗೆ ಸೂಜಿಯನ್ನು ಮಸೆದು ಶಸ್ತ್ರ ಮಾಡಿಕೊಂಡರು. ಬಾಂಬ್ ಬೀಳತೊಡಗಿದಾಗ ಹಳ್ಳಿ ಮನೆಗೆ ಹೋದರು, ಅಲ್ಲೂ ಕೆಲಸ ನಿಲ್ಲಿಸಲಿಲ್ಲ. ರೈತರ ಮನೆ ಮನೆಗೆ ಹೋಗಿ, ಹುಂಜ ಇರುವ ಕೋಳಿಗಳ ಮೊಟ್ಟೆಯೇ ಬೇಕು, ಮಕ್ಕಳಿಗೆ ಪುಷ್ಟಿ ಅಂತ ಹೇಳಿ ಕೊಳ್ಳುತ್ತಿದ್ದರಂತೆ. ನಮ್ಮ ಮಕ್ಕಳಿಗೆ ಈ ಭಾಗ ತುಂಬಾ ಇಷ್ಟ. ಯುದ್ಧ ಮುಗಿದ ಮೇಲೆ, 1947ರಲ್ಲಿ, ರೀಟಾ ಅವರನ್ನು ಹ್ಯಾಂಬರ್ಗರ್ ಅಮೆರಿಕದ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. 1949ರಲ್ಲಿ ಇಬ್ಬರೂ ಸೇರಿ ಇನ್ನೊಂದು ವಿಷಯ ತೋರಿಸಿದರು. ಯಾರೂ ಕೈ ಹಾಕದ ಭ್ರೂಣದಲ್ಲೂ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಕೋಶಗಳು ಸಾಯುತ್ತವೆ. ಅದೂ ಹೇಗೆ? ಕುತ್ತಿಗೆ ಮತ್ತು ಎದೆಯ ಮಟ್ಟದಲ್ಲಿ ಜಾಸ್ತಿ, ರೆಕ್ಕೆ ಕಾಲುಗಳ ಮಟ್ಟದಲ್ಲಿ ಕಮ್ಮಿ. ರೆಕ್ಕೆ ಕಾಲಿರುವ ಕಡೆ ಗುಳಿ ಜಾಸ್ತಿ, ಅಷ್ಟೇ.

ಸೀಮೆಸುಣ್ಣದ ಗುಳಿಯ ಆಟವೂ ಆಯಿತು. 1976ರಲ್ಲಿ ಹಾಲಿಡೇ ಮತ್ತು ಹ್ಯಾಂಬರ್ಗರ್ ಭ್ರೂಣಕ್ಕೆ ಮೂರನೆಯ ಕಾಲಿನ ಮೊಗ್ಗನ್ನು ಕಸಿ ಮಾಡಿದರು. ಸಾಯಬೇಕಿದ್ದ ಕೋಶಗಳಲ್ಲಿ ಒಂದಷ್ಟು ಬದುಕಿಕೊಂಡವು.

ಗುಳಿಯಲ್ಲಿರುವ «ಊಟ» ಕೂಡ ಬರೀ ಕಲ್ಪನೆ ಅಲ್ಲ. 1950ರ ದಶಕದಲ್ಲಿ ಲೆವಿ ಮೊಂತಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ನರ್ವ್ ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಗುರುತಿಸಿದರು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದು ಕಾಪಾಡುವುದು ಸ್ಪರ್ಶ, ನೋವು ತಿಳಿಸುವಂಥ ಕೆಲವು ಕೋಶಗಳನ್ನು. ಕಾಲು ಆಡಿಸುವ ಕೋಶಗಳಿಗೆ ಬೇರೆ ಪ್ರೋಟೀನುಗಳಿವೆ. ಮಕ್ಕಳಿಗೆ ಎಲ್ಲವೂ ಒಂದೇ ಊಟ ಅಂತ ಹೇಳಬೇಡಿ.

ಆಟಕ್ಕೂ ಮೊಟ್ಟೆಗೂ ಒಂದು ವ್ಯತ್ಯಾಸ ಇದೆ, ಅದನ್ನು ಬಾಯಿ ಬಿಟ್ಟು ಹೇಳಲೇಬೇಕು. ಆಟದಲ್ಲಿ ಬೀಜ ತೆಗೆದದ್ದು ನಮ್ಮ ಕೈ. ಅಗೆಮಡಿಯಲ್ಲಿ ಜಾಸ್ತಿಯಾದ ಸಸಿ ಕಿತ್ತು ಹಾಕುವುದೂ ನಾವೇ. ಮೊಟ್ಟೆಯೊಳಗೆ ಹಾಗೆ ಕೀಳುವವರು ಯಾರೂ ಇಲ್ಲ. ಊಟ ಸಿಗದ ಕೋಶ ತನ್ನೊಳಗೇ ಇಟ್ಟುಕೊಂಡಿದ್ದ ಕತ್ತರಿಗಳನ್ನು ಹೊರತೆಗೆಯುತ್ತದೆ. ಕ್ಯಾಸ್ಪೇಸ್ ಎಂದು ಅವುಗಳ ಹೆಸರು. ಅವು ಒಳಗಿನ ಪ್ರೋಟೀನುಗಳನ್ನು ತುಂಡು ಮಾಡುತ್ತವೆ, ಡಿಎನ್‌ಎ ಕೂಡ ಚೂರಾಗುತ್ತದೆ. ಕೋಶ ಕುಗ್ಗಿ, ಸಣ್ಣ ಸಣ್ಣ ಗಂಟುಗಳಾಗಿ ಬಿಡಿಯಾಗುತ್ತದೆ. ಬೇರೆ ಕೋಶಗಳು ಬಂದು ಅದನ್ನು ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಗಾಯ ಇಲ್ಲ, ಊತ ಇಲ್ಲ, ಕೀವು ಇಲ್ಲ.

«ಅಷ್ಟೊಂದು ಸತ್ತರೆ ಮರಿಗೆ ನೋವಾಗಲ್ವಾ ಚಿಕ್ಕಮ್ಮ?» ಅಂತ ಪಕ್ಕದ ಮನೆ ಹುಡುಗಿ ಕೇಳಿದ್ದಳು. ನಿಮ್ಮಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. «ಇಲ್ಲ ಪುಟ್ಟಿ, ನೋವು ಅನ್ನೋದು ಒಂಟಿ ಕೋಶಕ್ಕೆ ಗೊತ್ತಾಗೋದಲ್ಲ. ಅಲ್ಲಿ ಗಾಯವೂ ಆಗಿರಲ್ಲ» ಅಂದೆ. ಅವಳು ಸ್ವಲ್ಪ ಹೊತ್ತು ಹೊರಗೆ ತೆಗೆದಿಟ್ಟ ಬೀಜಗಳನ್ನು ನೋಡುತ್ತಾ ಕೂತಿದ್ದಳು.

ಹತ್ತನೇ ದಿನ, ಮತ್ತು ತೋಟಕ್ಕೆ ಒಂದು ಸುತ್ತು

ಹತ್ತನೇ ದಿನ ಟಾರ್ಚ್ ಹಿಡಿದರೆ ಮೊಟ್ಟೆಯ ಅರ್ಧದಷ್ಟು ಕಪ್ಪಾಗಿರುತ್ತದೆ. ಒಳಗೆ ಕಾಲಿನ ನರಕೋಶಗಳ ದೊಡ್ಡ ಸಾವು ಮುಗಿಯುತ್ತಾ ಬಂದಿದೆ. ಬೆರಳುಗಳ ನಡುವಿನ ಚರ್ಮದ ಕೋಶಗಳೂ ಇಷ್ಟರಲ್ಲೇ ಸತ್ತು ಬೆರಳು ಬಿಡಿಬಿಡಿಯಾಗುತ್ತಿರುತ್ತವೆ. ಬಾತುಕೋಳಿಯಲ್ಲಿ ಆ ಸಾವು ಕಮ್ಮಿ, ಅದಕ್ಕೇ ಅದರ ಪಾದದಲ್ಲಿ ಚರ್ಮ ಉಳಿಯುತ್ತದೆ.

ಅವತ್ತು ಮಕ್ಕಳನ್ನು ಅಡಿಕೆ ತೋಟಕ್ಕೆ ಕರೆದುಕೊಂಡು ಹೋಗಿ. ಬಿದ್ದ ಹಾಳೆಯೊಂದನ್ನು ಎತ್ತಿ ಬುಡ ತೋರಿಸಿ. ಯಾರೂ ಕೊಯ್ದಿಲ್ಲ, ಆದರೂ ಎಷ್ಟು ನುಣ್ಣಗೆ ಬಿಟ್ಟುಕೊಂಡಿದೆ! ಮೇಲೆ ನೋಡಿದರೆ ಹಾಳೆ ಬಿದ್ದ ಜಾಗದಲ್ಲೇ ಸಿಂಗಾರ ಹೊರಗೆ ಬಂದಿರುತ್ತದೆ. ಈ ರೀತಿಯ ಕೋಶಸಾವಿಗೆ 1972ರಲ್ಲಿ ಕೆರ್, ವೈಲಿ, ಕ್ಯೂರಿ ಎಂಬ ಮೂವರು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಹಳೇ ಗ್ರೀಕ್ ಭಾಷೆಯಲ್ಲಿ ಅದು ಮರದಿಂದ ಎಲೆ ಉದುರುವುದಕ್ಕೆ ಹೇಳುತ್ತಿದ್ದ ಮಾತು. ಹೆಸರು ಅಲ್ಲಿಂದ ಬಂದದ್ದು ಅಷ್ಟೇ. ಹಾಳೆ ಬೀಳುವ ಒಳಗಿನ ಕ್ರಮ ಬೇರೆ, ಕೋಶ ಸಾಯುವ ಕ್ರಮ ಬೇರೆ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಒಂದು ಹುಳದ ಲೆಕ್ಕ ಹೇಳಿ. ಸಿ. ಎಲೆಗನ್ಸ್ ಎನ್ನುವ, ಒಂದು ಮಿಲಿಮೀಟರ್ ಉದ್ದದ ಹುಳ. ಗಂಡು ಹೆಣ್ಣು ಎರಡೂ ತಾನೇ ಆಗಿರುವ ಹುಳದ ದೇಹದಲ್ಲಿ, ಸಂತಾನದ ಕೋಶಗಳನ್ನು ಬಿಟ್ಟು, 1,090 ಕೋಶ ಹುಟ್ಟುತ್ತವೆ, 131 ಸಾಯುತ್ತವೆ, 959 ಉಳಿಯುತ್ತವೆ. ಅಂಥ ಪ್ರತಿ ಹುಳದಲ್ಲೂ ಅದೇ 131. ಸಾಯುವವುಗಳಲ್ಲಿ ಹೆಚ್ಚಿನವು ನರಕೋಶದ ಸಾಲಿಗೆ ಸೇರಿದವು. ಇಲ್ಲಿ ಚೀಟಿ ಎತ್ತುವ ಆಟವೇ ಇಲ್ಲ, ಯಾವ ಕೋಶ ಸಾಯಬೇಕು ಅನ್ನುವುದು ಮೊದಲೇ ಗೊತ್ತು. ಈ ಲೆಕ್ಕವನ್ನೂ ಅದರ ಹಿಂದಿನ ಜೀನುಗಳನ್ನೂ ಬಿಡಿಸಿದ ಬ್ರೆನ್ನರ್, ಸಲ್ಸ್ಟನ್, ಹಾರ್ವಿಟ್ಜ್ ಅವರಿಗೆ 2002ರ ನೊಬೆಲ್ ಬಂತು.

ಹದಿನಾಲ್ಕರಿಂದ ಇಪ್ಪತ್ತೊಂದು

14ನೇ ದಿನ ಕೊನೆಯ ನೋಟ ಸಾಕು. ಗಾಳಿಯ ಜಾಗ ಬಿಟ್ಟು ಹೆಚ್ಚುಕಮ್ಮಿ ಎಲ್ಲ ಕಪ್ಪು. 18ನೇ ದಿನದ ಮೇಲೆ ಮೊಟ್ಟೆ ಮುಟ್ಟಲೇಬೇಡಿ. ಯಾವ ಕಾರಣಕ್ಕೂ, «ಒಳಗೆ ಏನಾಗಿದೆ ನೋಡೋಣ» ಅಂತ ಜೀವ ಇರುವ ಮೊಟ್ಟೆ ಒಡೆಯಬೇಡಿ. ಆ ನೋಟ ಆಗಲೇ ಬೇರೆಯವರು ನೋಡಿ ಬರೆದಿಟ್ಟಿದ್ದಾರೆ, ನಾವು ಮತ್ತೆ ಮಾಡಬೇಕಿಲ್ಲ.

21ನೇ ದಿನ ಮರಿ ಹೊರಗೆ ಬಂದ ಮೇಲೆ ಕೋಳಿಯೇ ಅವನ್ನು ಒಣಗಿಸಿಕೊಳ್ಳಲಿ. ಮಾರನೇ ದಿನ ಬುಟ್ಟಿಯಿಂದ ಇಳಿದು ಓಡಾಡುವಾಗ ನೋಟ್‌ಬುಕ್ ತನ್ನಿ. ಒಂದು ಮರಿ ಒಂಟಿ ಕಾಲಿನಲ್ಲಿ ನಿಂತು ಇನ್ನೊಂದು ಕಾಲಿನಿಂದ ಕೆನ್ನೆ ಕೆರೆದುಕೊಳ್ಳುವ ತನಕ ಕಾಯಿರಿ, ಬೇಗನೇ ಮಾಡುತ್ತದೆ. ಅದರ ಮುಂದೆ ಏಳನೇ ದಿನದ ಪುಟ ತೆರೆದು, ಆ ದಿನ ಎಷ್ಟು ಸಲ ಬಾಗಿತ್ತು ಅಂತ ಮಕ್ಕಳ ಕೈಲೇ ಓದಿಸಿ.